ಮೆಲ್ಲಗೆ ಮಾತಾಡುವ ವ್ರತ

"ಮಮ್ಮಿ, ನೀ ಫೋನಿನ್ಯಾಗ ಮಾತಾಡೂದು ಗೇಟ್ ತನಕಾ ಕೇಳಸ್ತದ. ನನ್ನ ಫ್ರೆಂಡ್ಸ್ ನಗತಾರ. ಹಳೂ ಬೋಲ್ ನಾ!"

ಡಿಸೆಂಬರ್ ಮೂವತ್ತೊಂದರ ಸಂಜೆ ಮಗಳು ನೇಹಾ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೀಗೆ ತೀರ್ಪು ಕೊಟ್ಟಳು. ಅವಳು ಹುಟ್ಟಿ ಬೆಳೆದದ್ದು ನಾಸಿಕದಲ್ಲಿ. ನಾನೋ ಗದಗಿನವಳು. ಅಡುಗೆಮನೆಯಿಂದ ಹಿತ್ತಲಿಗೆ ಕೂಗಿ ಮಾತಾಡಿಯೇ ದೊಡ್ಡವಳಾದವಳು. ನಮ್ಮಲ್ಲಿ ಯಾರಾದರೂ ಪಿಸುಗುಟ್ಟಿದರೆ ಚಾಡಿ ಹೇಳುತ್ತಿದ್ದಾರೆ ಅಂತಲೇ ಅರ್ಥ.

ಮೊದಲು ಸಿಟ್ಟು ಬಂತು. ಆಮೇಲೆ ಬೇಜಾರಾಯಿತು. ಹೆತ್ತ ಮಗಳಿಗೇ ನನ್ನ ದನಿ ನಾಚಿಕೆಯಾದರೆ ಎಂಥ ಹೊಸ ವರ್ಷ, ಎಂಥ ಕೇಕು? ಅಲ್ಲೇ ಸಂಕಲ್ಪ ಮಾಡಿದೆ. ನಾಳೆಯಿಂದ ನಾನು ಮೆಲ್ಲಗೆ ಮಾತಾಡುವ ಹೆಂಗಸು! (ಡಯಟಿಂಗಿಗಿಂತ ಸುಲಭ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.)

ಮೊದಲ ಪೆಟ್ಟು ಬಿದ್ದದ್ದು ನಮ್ಮವರಿಗೆ. ಅವರು ಸಾತಪುರದ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನುಗಳ ನಡುವೆ ನಿಂತೂ ನಿಂತೂ ಕಿವಿ ಮಂದ ಮಾಡಿಕೊಂಡವರು. "ಚಹಾ ಆಗೇದ್ರಿ" ಅಂತ ಮೆಲ್ಲಗೆ ಅಂದೆ. ಪೇಪರ್ ಓದುತ್ತಲೇ ಇದ್ದರು. ಚಹಾ ಆರಿ ಕೆನೆಗಟ್ಟಿತು. ಕಡೆಗೆ ಸ್ಕೂಟರ್ ಹತ್ತುವಾಗ ನನ್ನ ಮುಖ ನೋಡಿ, "ಯಾಕ, ಸಿಟ್ಟಾಗೀಯೇನು? ನಾ ಏನ್ ಮಾಡೇನಿ?" ಅಂದರು. ಸಂಜೆ ಕೇಳದೇನೇ ಮಲ್ಲಿಗೆ ದಂಡೆ ಬಂತು. (ಏನೋ ಮಾಡಿರಲೇಬೇಕು. ಏನು ಅಂತ ಇನ್ನೂ ಪತ್ತೆಯಾಗಿಲ್ಲ.)

ಮರುದಿನ ಎದುರು ಮನೆಯ ಶಿಂದೆ ಕಾಕು ಡಬ್ಬಿ ತುಂಬ ಖಿಚಡಿ ಹಿಡಿದು ಬಂದರು. ನನ್ನ ಕೈ ಹಿಡಿದುಕೊಂಡು, ಮನೆಯಲ್ಲಿ ಯಾರಿಗಾದರೂ ಸೀರಿಯಸ್ಸಾ ಅಂತ ಮರಾಠಿಯಲ್ಲಿ ವಿಚಾರಿಸಿದರು. ನಲ್ಲಿಯಲ್ಲಿ ನೀರು ಬಂದದ್ದು ಅವರಿಗೆ ತಿಳಿಯುತ್ತಿದ್ದದ್ದೇ ನನ್ನ ಕೂಗಿನಿಂದಂತೆ. ನಾನು ಸುಮ್ಮನಾದ ಮೇಲೆ ಅವರ ಮನೆಯ ಕೊಡಗಳೆಲ್ಲ ಖಾಲಿ!

ನೇಹಾ ಮಾತ್ರ ಖುಷಿಯಾಗಿದ್ದಳು. "ಸೋ ಸ್ವೀಟ್, ಮಮ್ಮಿ" ಅಂದಳು. ಅಷ್ಟು ಸಾಕಲ್ಲವೇ? ನನ್ನ ಮನೆಯಲ್ಲಿ ನಾನೇ ಅತಿಥಿಯಂತೆ ಓಡಾಡುತ್ತಿದ್ದೇನೆ ಅನ್ನಿಸಿದರೂ ಬಾಯಿ ಬಿಗಿಹಿಡಿದೆ.

ಆ ಭಾನುವಾರ, ಊರಿಂದ ಬಂದಿದ್ದ ಅತ್ತೆಯವರನ್ನು ಕರೆದುಕೊಂಡು ಎಲ್ಲರೂ ತ್ರ್ಯಂಬಕೇಶ್ವರಕ್ಕೆ ಹೋದೆವು. ದರ್ಶನ ಮುಗಿಯಿತು. ವಾಪಸು ಬರಲು ಶೇರ್ ಜೀಪಿನಲ್ಲಿ ಅತ್ತೆಯವರನ್ನು ಮೊದಲು ಕೂರಿಸಿದೆವು. ನಮ್ಮವರು ನೀರಿನ ಬಾಟಲಿ ತರಲು ಹೋದರು. ನಾನೂ ನೇಹಾಳೂ ಪೇರಲ ಆರಿಸುತ್ತ ನಿಂತೆವು. ಅಷ್ಟರಲ್ಲಿ ಜೀಪು ತುಂಬಿತು. ಡ್ರೈವರ್ ಹೊರಟೇ ಬಿಟ್ಟ!

ಒಳಗೆ ವಯಸ್ಸಾದ ಅತ್ತೆ. ಅವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರದು. ಕೈಯಲ್ಲಿ ಮೊಬೈಲಿಲ್ಲ. ನಾಸಿಕದಲ್ಲಿ ಎಲ್ಲಿ ಇಳಿಯಬೇಕೆಂದು ಯಾರನ್ನು ಕೇಳುತ್ತಾರೆ?

ನೇಹಾ ಓಡಿದಳು. "ಭೈಯಾ... ರುಕೋ ನಾ..." ಅಂದಳು. ಆ ದನಿ ಪೇರಲ ಮಾರುವವಳಿಗೂ ಕೇಳಿಸಲಿಲ್ಲ. ಜೀಪು ತಿರುವು ಸಮೀಪಿಸಿತ್ತು. ಅವಳು ಬಿಳಿಚಿಕೊಂಡು ನನ್ನತ್ತ ತಿರುಗಿದಳು.

"ಮಮ್ಮಿ, ಒದರು! ಜೋರ್ ಸೇ ಒದರು!"

ಒದರಿದೆ. "ಏ, ಜೀಪ ನಿಂದರಸೋ!"

(ಅಂಥ ಹೊತ್ತಿನಲ್ಲಿ ಮರಾಠಿ ಎಲ್ಲಿ ನೆನಪಾಗಬೇಕು?) ವಾರವೆಲ್ಲ ಅದುಮಿಟ್ಟದ್ದು ಒಂದೇ ಏಟಿಗೆ ಹೊರಬಂತು. ಜೀಪು ನಿಂತಿತು. ಅದರ ಹಿಂದಿನ ಜೀಪೂ ನಿಂತಿತು. ಎದುರು ಬರುತ್ತಿದ್ದ ಎಸ್‌ಟಿ ಬಸ್ಸೂ ನಿಂತಿತು. ರಸ್ತೆ ದಾಟುತ್ತಿದ್ದ ಪುರೋಹಿತರೊಬ್ಬರು ಯಾಕೋ ಎರಡೂ ಕೈ ಮೇಲೆತ್ತಿದರು.

ಏದುಸಿರು ಬಿಡುತ್ತ ಓಡಿ ಹೋಗಿ ನೋಡಿದರೆ, ಅತ್ತೆ ಕಿಟಕಿ ಪಕ್ಕ ಆರಾಮಾಗಿ ಕೂತು, ಯಾರೋ ಕೊಟ್ಟ ಶೇಂಗಾ ಮೆಲ್ಲುತ್ತಿದ್ದರು.

"ಯಾಕ ಹಂಗ ಒದರ್ತಿ? ನಾ ಏನ್ ಕಿವುಡಿ ಅದೀನೇನು?"

ಅತ್ತೆಯನ್ನು ಇಳಿಸಿಕೊಂಡು, ನಮ್ಮವರೂ ಬಾಟಲಿ ಹಿಡಿದು ಬಂದ ಮೇಲೆ ಬೇರೆ ಜೀಪು ಹತ್ತಿದೆವು. ದಾರಿಯುದ್ದಕ್ಕೂ ನೇಹಾ ನನ್ನ ತೋಳು ಬಿಡಲಿಲ್ಲ. ಮನೆಗೆ ಬಂದು ಕದ ಹಾಕಿಕೊಂಡ ಮೇಲೆ, "ಮಮ್ಮಿ, ಹಂಗ ಒದರೂದು ನನಗೂ ಕಲಸ್ ನಾ" ಅಂದಳು. ಹೊಟ್ಟೆಯಿಂದ ತೆಗಿ ಅಂದೆ. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು ಬಾಯಿ ತೆರೆದಳು. ಇಲಿಮರಿ ಚೀಂವ್‌ಗುಟ್ಟಿದಂತಾಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಜನವರಿ ಬಂತೆಂದರೆ ನಮ್ಮನ್ನು ನಾವೇ ರಿಪೇರಿಗೆ ಹಾಕಿಕೊಳ್ಳುತ್ತೇವಲ್ಲ, ಕೆಟ್ಟಿದ್ದೇವಾ ಅಂತ ಮೊದಲು ಚೆಕ್ ಮಾಡಿದವರು ಯಾರು?