ತಮ್ಮಯ್ಯ ಮೇಷ್ಟ್ರ ಮನೆಯ ಎಡೆ

ಅಕ್ಕಿಹೆಬ್ಬಾಳಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು, ತಮ್ಮಯ್ಯ ಡ್ರಿಲ್ ಮೇಷ್ಟ್ರು. ಇಡೀ ಕೆ.ಆರ್. ಪೇಟೆ ತಾಲ್ಲೂಕು ಕಬಡ್ಡಿ ಎಂದು ತೊಡೆ ತಟ್ಟುತ್ತಿದ್ದರೆ ಈ ಮಹಾರಾಯ ಫುಟ್‌ಬಾಲ್ ಹಿಡಿದು ಕೂತಿದ್ದ. ಅದೂ ಯಾವ ತಂಡ? ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್! ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಆ ತಂಡದ ಪಟಕ್ಕೆ ಕಟ್ಟು ಹಾಕಿಸಿ, ನಡುಮನೆಯಲ್ಲಿ ಅಪ್ಪನ ಫೋಟೋ ಪಕ್ಕದಲ್ಲೇ ತೂಗುಹಾಕಿದ್ದ. "ನಮ್ ಟೇಸನ್ ಗ್ಯಾಂಗ್‌ಮನ್‌ಗಳಂಗೆ ರೈಲ್ವೇಲಿ ದುಡಿಯೋರು ಕಟ್ಟಿದ್ ತಂಡ ಕಣ್ರಲಾ" ಎಂದು ಹುಡುಗರ ಮುಂದೆ ಶುರುಮಾಡಿದರೆ ನನ್ನ ಪೀರಿಯಡ್ಡನ್ನೂ ನುಂಗಿಬಿಡುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಒಬ್ಬನೇ ಮಗ ಚಲುವರಾಜುಗೂ ಅಪ್ಪನ ಹುಚ್ಚೇ ಹತ್ತಿತ್ತು. ಮೈದಾನದಲ್ಲಿ ಅವನನ್ನು ಹಿಡಿಯುವವರಿಲ್ಲ, ಊಟಕ್ಕೆ ಕೂತರೆ ಎಬ್ಬಿಸುವವರಿಲ್ಲ. ಗೆಳೆಯರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರೂ ನಿಧಾನಕ್ಕೆ ಮುದ್ದೆ ಮುರಿಯುತ್ತಿದ್ದ. "ಬಿರ್ನೆ ಉಣ್ಣಲಾ, ತಟ್ಟೆ ತೊಳಿಬೇಕು" ಎಂದು ತಾಯಿ ಪುಟ್ಟಗೌರಮ್ಮ ಬೈಯುತ್ತಿದ್ದಳು.

ತೊಂಬತ್ತಮೂರರ ಮಳೆಗಾಲದಲ್ಲಿ ಒಂದು ಸಂಜೆ ಚೆಂಡು ಹೇಮಾವತಿಗೆ ಬಿತ್ತು. ಹೊಳೆ ತುಂಬಿತ್ತು. ಚಲುವರಾಜು ಹಿಂದೆಮುಂದೆ ನೋಡದೆ ಧುಮುಕಿದ. ಕನ್ನಂಬಾಡಿ ಹಿನ್ನೀರಿನವರೆಗೂ ಹುಡುಕಿದೆವು. ಚೆಂಡು ಸಿಕ್ಕಿತು, ಹುಡುಗ ಸಿಗಲಿಲ್ಲ.

ಅಷ್ಟರಲ್ಲಿ ಮಾರ್ನಮಿ ಬಂತು. ತೀರಿಕೊಂಡವರಿಗೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಎಡೆ ಇಟ್ಟರೆ ಮಗ ಸತ್ತನೆಂದು ತಂದೆತಾಯಿಯೇ ಒಪ್ಪಿಕೊಂಡಂತೆ. ಇಡದೆ ಹೋದರೆ, ನಿಜಕ್ಕೂ ಸತ್ತಿದ್ದರೆ, ಹಸಿದು ಬಂದ ಮಗನನ್ನು ಬಾಗಿಲಿಂದಲೇ ಕಳಿಸಿದಂತೆ. ತಮ್ಮಯ್ಯನ ಅಣ್ಣ ಮಂಚಯ್ಯ ಎಡೆ ಇಡಲೇಬೇಕೆಂದು ಹಟ ಹಿಡಿದ.

ತಮ್ಮಯ್ಯ ಪಟ ತೋರಿಸಿದ. "ಐವತ್ತೆಂಟರಲ್ಲಿ ಇವರ ವಿಮಾನ ಹಿಮದಲ್ಲಿ ಬಿದ್ದೋಯ್ತು. ಇವರ ಮ್ಯಾನೇಜರು ಬಸ್ಬಿ ಸಾಯ್ತಾನೆ ಅಂತ ಪಾದ್ರಿ ಕಡೇ ಪ್ರಾರ್ಥನೆನೂ ಮಾಡ್ಬುಟ್ಟಿದ್ದ. ಆವಯ್ಯ ಎದ್ದು ಬಂದ. ಚಾರ್ಲ್‌ಟನ್ ಅನ್ನೋ ಹೈದನೂ ಬದುಕ್ದ. ಹತ್ತು ವರ್ಸಕ್ಕೆ ಯುರೋಪಿನ ಕಪ್ ಗೆದ್ರು! ನನ್ ಮಗನೂ ಬತ್ತಾನೆ."

ಪುಟ್ಟಗೌರಮ್ಮ ಆ ಕತೆಯನ್ನೇ ನಂಬಿ ಎರಡು ಮಾರ್ನಮಿ ಕಳೆದಳು. ಹಬ್ಬದ ದಿನ ತಾನೂ ಉಣ್ಣುತ್ತಿರಲಿಲ್ಲ.

ಮೂರನೆಯ ವರ್ಷ ಹಬ್ಬದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅವಳು ಪಟದ ಧೂಳು ಒರೆಸುತ್ತಿದ್ದವಳು ಒಬ್ಬ ಗಟ್ಟಿಮುಟ್ಟಾದ ಹುಡುಗನ ಮೇಲೆ ಬೆರಳಿಟ್ಟು ಕೇಳಿದಳು: "ಈ ಹೈದನ ಸುದ್ದಿ ನೀವು ಯೇಳಲೇ ಇಲ್ಲವಲ್ಲ. ಇವ ಏನಾದ?"

ಅವನು ಡಂಕನ್ ಎಡ್ವರ್ಡ್ಸ್. ತರಗತಿಯಲ್ಲಿ ತಮ್ಮಯ್ಯ ಅವನ ಆಟವನ್ನು ಕೊಂಡಾಡುತ್ತಿದ್ದುದನ್ನು ನಾನೇ ಕೇಳಿದ್ದೆ. ಮನೆಯಲ್ಲಿ ಮಾತ್ರ ಅವನ ಹೆಸರೆತ್ತಿರಲಿಲ್ಲ. ಈಗಲೂ ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದೇ ನನಗೂ ಅನ್ನಿಸಿತು.

"ಆಸ್ಪತ್ರೇಲಿ ಹದಿನೈದು ದಿನ ಇದ್ದ" ಎಂದ ತಮ್ಮಯ್ಯ. "ಉಳೀಲಿಲ್ಲ ಕಣೆ. ಅವನ ಜೊತೆಯೋರು ಇನ್ನೂ ಏಳು ಜನ ತೀರ್ಕಂಡ್ರು."

"ಎಷ್ಟು ವಯಸ್ಸು?"

"ಇಪ್ಪತ್ತೊಂದು."

ಅವಳು ಪಟವನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಸಾಲೆ ಅರೆಯುವ ಸದ್ದು ಕೇಳಿತು. ತಮ್ಮಯ್ಯ ತಲೆ ಎತ್ತಲಿಲ್ಲ.

ಸಂಜೆ ನಡುಮನೆಯಲ್ಲಿ ಹಿರಿಯರ ಎಲೆಗಳ ಸಾಲಿನಲ್ಲಿ ಚಲುವರಾಜುಗೂ ಒಂದು ಎಲೆ ಹಾಕಿ, ಬಿಸಿ ಮುದ್ದೆ, ಬಾಡಿನ ಸಾರು ಬಡಿಸಿದಳು. ಸತ್ತವರು ಬಂದು ಉಂಡು ಹೋಗಲೆಂದು ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಜಗಲಿಯಲ್ಲಿ ಕೂತೆವು. ವಾಡಿಕೆಯಷ್ಟು ಹೊತ್ತು ಕಳೆದ ಮೇಲೆ ಮಂಚಯ್ಯ ಕೆಮ್ಮಿ, ಬಾಗಿಲು ತೆಗೆಯಲು ಎದ್ದ.

ತಮ್ಮಯ್ಯ ಅವನ ಕೈ ಹಿಡಿದುಕೊಂಡ. "ಈಗ್ಲೇ ತೆಗಿಬ್ಯಾಡ ಕಣಣ್ಣ. ಅವ ಉಣ್ಣೋದು ನಿಧಾನ."

ಮಂಚಯ್ಯ ಮತ್ತೆ ಕೂತ.