ಎಂಜಿನ್ನಿಗೆ ಹಾಕಿದ ರಾಗಿಹಿಟ್ಟು

ಕಾರಿನ ಬಾನೆಟ್ಟಿನೊಳಗಿಂದ ರಾಗಿರೊಟ್ಟಿ ಸೀದ ವಾಸನೆ ಬಂದಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಮ್ಮ ಕಾರಿನಲ್ಲಿ ಬಂತು. ಒಂದು ಭಾನುವಾರ ಹಾಸನದಿಂದ ಹೊಳೆನರಸೀಪುರಕ್ಕೆ ಬೀಗರೂಟಕ್ಕೆ ಹೊರಟಿದ್ದೆವು. ಊರು ಇನ್ನು ಐದಾರು ಕಿಲೋಮೀಟರ್ ಇದೆ ಎನ್ನುವಾಗ ಮೊದಲು ವಾಸನೆ, ಆಮೇಲೆ ಹೊಗೆ.

ಯಾರೋ ಹೊಲದಲ್ಲಿ ಏನೋ ಸುಡುತ್ತಿರಬೇಕು ಅಂದೆ ನಾನು. (ಸುಳ್ಳು ಹುಟ್ಟುವುದಕ್ಕೆ ಎಷ್ಟು ಕಡಿಮೆ ಟೈಮ್ ಸಾಕು ನೋಡಿ.) ನಮ್ಮೆಜಮಾನರು ಕಾರನ್ನು ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರು. ಎಂಜಿನ್ ಮೈಮೇಲೆಲ್ಲ ಎಣ್ಣೆ. ಅದರ ಜೊತೆ ಏನೋ ಕರಕಲಾಗಿ ಅಂಟಿಕೊಂಡಿತ್ತು. ಅದು ಏನು ಅಂತ ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಹಿಂದಿನ ದಿನ ನಡೆದದ್ದನ್ನು ಹೇಳಿಬಿಡುತ್ತೇನೆ.

ಶುಕ್ರವಾರವಷ್ಟೇ ಕಾರು ಸರ್ವೀಸ್ ಆಗಿ ಬಂದಿತ್ತು. ಸಾಲಗಾಮೆ ರಸ್ತೆಯಲ್ಲಿ ಪುಟ್ಟ ಶೆಡ್ಡು ಇಟ್ಟುಕೊಂಡಿರುವ ಸ್ವಾಮಣ್ಣನೇ ನಮ್ಮ ಕಾರಿನ ಡಾಕ್ಟರು. (ಹೆಸರು ಬದಲಿಸಿದ್ದೇನೆ.) ಹನ್ನೆರಡು ವರ್ಷದಿಂದ ಅವನ ಕೈ ಬಿಟ್ಟು ಬೇರೆಯವರ ಕೈ ನಮ್ಮ ಕಾರಿಗೆ ತಾಗಿಲ್ಲ. ಶನಿವಾರ ನನಗೆ ಕಾಲೇಜು ರಜೆ, ನಮ್ಮವರಿಗೆ ಬ್ಯಾಂಕು. ಸುಮ್ಮನೆ ಕೂರಲಾರದೆ ಮೊಬೈಲ್ ನೋಡುತ್ತಿದ್ದೆ. ಅದರಲ್ಲಿ ಒಬ್ಬ ಹುಡುಗಿ ಎಂಜಿನ್ನಿನಿಂದ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಆಯಿಲ್ ಎಷ್ಟಿದೆ ಅಂತ ತೋರಿಸುತ್ತಿದ್ದಳು. ದಿನಕ್ಕೆ ಐವತ್ತು ಉತ್ತರಪತ್ರಿಕೆ ನೋಡುವ ನನಗೆ ಒಂದು ಕಡ್ಡಿ ನೋಡಲು ಬರುವುದಿಲ್ಲವೇ?

ನೋಡಿದೆ. ಆಯಿಲ್ ಗುರುತಿಗಿಂತ ಕೆಳಗಿತ್ತು. ಸ್ವಾಮಣ್ಣ ಕಡಿಮೆ ಹಾಕಿದ್ದಾನೆ ಅಂತ ಅಲ್ಲೇ ತೀರ್ಪು ಕೊಟ್ಟೆ. ಡಿಕ್ಕಿಯಲ್ಲಿ ಉಳಿದಿದ್ದ ಆಯಿಲ್ ಡಬ್ಬ ಇತ್ತು. ಸಂಜೆ ನಮ್ಮವರಿಗೆ ಹೇಳಬಹುದಿತ್ತು. ಆದರೆ ಹೋದ ವರ್ಷ ಕಾರಿನ ಗ್ಲಾಸು ತೊಳೆಯುವ ಸೋಪಿನ ನೀರನ್ನು ನಾನು ರೇಡಿಯೇಟರ್ ಡಬ್ಬಕ್ಕೆ ಹುಯ್ದಿದ್ದೆ. ಆ ಕಥೆಯನ್ನು ಅವರು ಹೋದ ಮದುವೆಯಲ್ಲೆಲ್ಲ ಬಡಿಸಿದ್ದಾರೆ. ಕಾರು ಎಷ್ಟು ಬೇಕಾದರೂ ಓಡಿಸು, ಬಾನೆಟ್ ಮಾತ್ರ ಮುಟ್ಟಬೇಡ ಅಂತ ಅಂದಿನಿಂದ ನನಗೆ ಆರ್ಡರ್ ಆಗಿದೆ. ಹಾಗಾಗಿ ಇದು ಆಯಿಲ್ ಪ್ರಶ್ನೆ ಆಗಿರಲಿಲ್ಲ, ಪ್ರೆಸ್ಟೀಜ್ ಪ್ರಶ್ನೆ.

ಮನೆಯಲ್ಲಿ ಕೊಬ್ಬರಿ ಎಣ್ಣೆ ಹುಯ್ಯುವ ಲಾಳಿಕೆ ಇತ್ತು. ಅದಕ್ಕೆ ಎಂಜಿನ್ ಆಯಿಲ್ ಸೋಕಿಸಲು ಮನಸ್ಸು ಬರಲಿಲ್ಲ. ಪೇಪರನ್ನೇ ಸುತ್ತಿ ಕೊಳವೆ ಮಾಡಿದೆ. (ಯಾವ ಪುಟ ಅಂತ ಕೇಳಬೇಡಿ. ಈ ಅಂಕಣ ಬರುವ ಪುಟವೇ.) ಪೇಪರು ನೆಂದು ಬಾಯಿಬಿಟ್ಟಿತು. ಆಯಿಲ್ ಅರ್ಧ ಒಳಗೆ, ಅರ್ಧ ಹೊರಗೆ.

ಹಳೇ ಬನಿಯನ್ ತಂದು ಒರೆಸಿದೆ. ಹಳೇ ಪಂಚೆ ತಂದು ಒರೆಸಿದೆ. ಒರೆಸಿದಷ್ಟೂ ಹರಡಿತು. ಆಗ ಅರಕಲಗೂಡಿನ ನಮ್ಮಮ್ಮ ನೆನಪಾದರು. ನಮ್ಮ ಕಡೆ ಅಡುಗೆಮನೆಯಲ್ಲಿ ಎಣ್ಣೆ ಚೆಲ್ಲಿದರೆ ಯಾರೂ ನೀರಿಗೆ ಓಡುವುದಿಲ್ಲ. ಮೊದಲು ಒಂದು ಹಿಡಿ ರಾಗಿಹಿಟ್ಟು ಉದುರಿಸುತ್ತಾರೆ. ಹಿಟ್ಟು ಎಣ್ಣೆ ಕುಡಿದ ಮೇಲೆ ಗುಡಿಸಿ ಎತ್ತಿದರೆ ನೆಲ ಕ್ಲೀನ್. ನಾನೂ ಎಂಜಿನ್ನಿಗೆ ಧಾರಾಳವಾಗಿ ಹಿಟ್ಟು ಉದುರಿಸಿದೆ. ಕೈಗೆ ಸಿಕ್ಕಿದ್ದನ್ನು ಬಳಿದು ತೆಗೆದೆ. ಸಂದಿಗೊಂದಿಯಲ್ಲಿ ಇಳಿದದ್ದು ಇಳಿಯಿತು, ಯಾರು ನೋಡುತ್ತಾರೆ? ಬಾನೆಟ್ ಮುಚ್ಚಿ ಕೈ ತೊಳೆದುಕೊಂಡೆ. ಅಡುಗೆಮನೆಯ ನೆಲ ಕಾಯುವುದಿಲ್ಲ, ಎಂಜಿನ್ ಕಾಯುತ್ತದೆ. ಇಷ್ಟು ಸಣ್ಣ ವಿಷಯ ಎಂ.ಎ. ಓದಿದ ತಲೆಗೆ ಹೊಳೆಯಲಿಲ್ಲ.

ಈಗ ರಸ್ತೆಗೆ ಬನ್ನಿ. ನಮ್ಮವರು ಸ್ವಾಮಣ್ಣನಿಗೆ ಫೋನ್ ಮಾಡಿ, ನಾನು ಇಲ್ಲಿ ಬರೆಯಲಾಗದ ಮಾತುಗಳನ್ನೂ ಸೇರಿಸಿ ಬೈದರು. ಸರ್ವೀಸ್ ಅಂತ ಕೊಟ್ಟರೆ ಎಣ್ಣೆ ಚೆಲ್ಲಿ ಕಳಿಸುತ್ತೀಯಾ, ಕಾರಿಗೆ ಬೆಂಕಿ ಹತ್ತಿದ್ದರೆ ಏನು ಗತಿ, ಹೀಗೆ. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು.

ಭಾನುವಾರ, ಇಪ್ಪತ್ತೈದು ಕಿಲೋಮೀಟರ್, ಸ್ವಾಮಣ್ಣ ಬೈಕಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಅವನೂ ಎಲ್ಲಿಗೋ ಹೊರಟಿದ್ದಿರಬೇಕು. ನಮ್ಮವರ ಬೈಗುಳದ ಎರಡನೇ ಕಂತನ್ನು ತಲೆತಗ್ಗಿಸಿ ಕೇಳಿಸಿಕೊಂಡ. ಎಂಜಿನ್ ಆರುವವರೆಗೆ ಕಾದ. ಸೀಮೆಎಣ್ಣೆ ತಾಗಬಾರದ ಕಡೆಗೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿದ. ಸ್ಕ್ರೂಡ್ರೈವರ್ ತುದಿಯಿಂದ ಆ ಕರಕಲನ್ನು ಒಂದಿಷ್ಟು ಕೆರೆದ. ಅದರಡಿಯಲ್ಲಿ ಸುಡದೆ ಉಳಿದಿದ್ದ ಹಿಟ್ಟು ಸಿಕ್ಕಿತು. ಎರಡು ಬೆರಳ ನಡುವೆ ಉಜ್ಜಿ ನೋಡಿದ. ಮೂಸಿ ನೋಡಿದ.

ಆಮೇಲೆ ನನ್ನ ಕಡೆ ನೋಡಿದ. ಒಂದೇ ಸಲ.

ಯಾವ ಗ್ಯಾರೇಜಿನಲ್ಲಿ ರಾಗಿಹಿಟ್ಟು ಇರುತ್ತದೆ ಹೇಳಿ? ಅವನಿಗೆ ಎಲ್ಲ ಗೊತ್ತಾಯಿತು. ಈಗ ಬಾಯಿಬಿಡುತ್ತಾನೆ ಅಂದುಕೊಂಡೆ. ಅವನು ನಮ್ಮವರ ಕಡೆ ತಿರುಗಿ, "ಲೀಕಲ್ಲ ಸಾ. ಮೇಲೆ ಚೆಲ್ಯದೆ, ಅಷ್ಟೆಯ. ಒರಸ್ಕೊಡ್ತೀನಿ" ಅಂದ. ಯಾರು ಚೆಲ್ಲಿದ್ದು ಅಂತ ಹೇಳಲಿಲ್ಲ. ನೀನೇ ಚೆಲ್ಲಿದ್ದು ಅಂತ ನಮ್ಮವರು ಹೇಳಿದಾಗ ಅಲ್ಲ ಅಂತಲೂ ಹೇಳಲಿಲ್ಲ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಒಂದು ಗಂಟೆ ಬಗ್ಗಿಕೊಂಡೇ ಇದ್ದ. ಹೆಚ್ಚಾಗಿದ್ದ ಆಯಿಲನ್ನೂ ತೆಗೆದ. ಅಂಗಿಯ ಎರಡೂ ತೋಳು ಕಪ್ಪಾಗಿದ್ದವು.

ಬೀಗರೂಟಕ್ಕೆ ಕೊನೇ ಪಂಕ್ತಿಗೆ ತಲುಪಿದೆವು. ಯಾಕೆ ಲೇಟು ಅಂತ ಕೇಳಿದ್ದೇ ತಡ, ನಮ್ಮವರು ಶುರು ಮಾಡಿದರು. ಎದುರು ಸಾಲಿನಲ್ಲಿ ಅವರ ಅಕ್ಕನ ಗಂಡ, ಚನ್ನರಾಯಪಟ್ಟಣದ ಭಾವ, ಕೂತಿದ್ದರು. ಭಾವನಿಗೆ ಮೂರು ಸ್ಕೂಲ್ ವ್ಯಾನ್ ಇವೆ. ಒಳ್ಳೇ ಮೆಕ್ಯಾನಿಕ್ ಬೇಕು ಅಂದಾಗ ಸ್ವಾಮಣ್ಣನ ಹೆಸರು ಹೇಳಿದ್ದು ನಾವೇ. ಮಾತುಕತೆಯೂ ಆಗಿ, ಮುಂದಿನ ತಿಂಗಳಿಂದ ಮೂರೂ ವ್ಯಾನಿನ ಕೆಲಸ ಅವನಿಗೇ ಅಂತ ನಿಶ್ಚಯವಾಗಿತ್ತು.

ಭಾವ ಮೂಳೆ ಕೆಳಗಿಟ್ಟು, "ಅಂಗಾದ್ರೆ ಅವ್ನು ಬ್ಯಾಡ ಬುಡಪ್ಪ. ಮಕ್ಳು ಓಡಾಡೋ ಗಾಡಿ" ಅಂದರು. ಸುತ್ತ ಕೂತವರೆಲ್ಲ ಹೌದೌದು ಅಂದರು.

ನನ್ನ ಎಲೆಯಲ್ಲಿ ಮುದ್ದೆ ಇತ್ತು. ಅದನ್ನೇ ನೋಡುತ್ತ ಕೂತೆ. ಅಲ್ಲಿ ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತು? ಒಂದಷ್ಟು ಜನ ನಗುತ್ತಿದ್ದರು. ಸೋಪಿನ ನೀರಿನ ಕಥೆಗೆ ಇನ್ನೊಂದು ಕಥೆ ಸೇರುತ್ತಿತ್ತು. ಅಷ್ಟೇ. ಅಷ್ಟನ್ನು ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯನ ಅನ್ನದ ಮೇಲೆ ಕಲ್ಲು ಹಾಕಿದೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿದ್ದು ಆವತ್ತು.

ನಾವು ಹೀಗೇ ಅಲ್ಲವೇ? ಬ್ಲೌಸ್ ಬಿಗಿಯಾದರೆ ಟೈಲರ್ ಕೆಟ್ಟವನು (ಮೂರು ತಿಂಗಳಲ್ಲಿ ಐದು ಕೆಜಿ ಏರಿದ್ದು ಲೆಕ್ಕಕ್ಕಿಲ್ಲ). ಲೋಟ ಕಾಣದಿದ್ದರೆ ಕೆಲಸದವಳ ಮೇಲೆ ಕಣ್ಣು. ತಿರುಗಿ ಮಾತಾಡಲಾರದವರ ತಲೆಯೇ ನಮ್ಮ ತಪ್ಪು ಇಳಿಸುವ ಜಗುಲಿ.

ಮೂರು ವಾರ ಸುಮ್ಮನಿದ್ದೆ. ಒಂದು ದಿನ ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಸ್ವಾಮಣ್ಣನ ಶೆಡ್ಡು ಕಂಡಿತು. ವ್ಯಾನ್ ನಿಲ್ಲಲಿ ಅಂತ ಮುಂದಕ್ಕೆ ಎತ್ತರದ ಕಂಬ ನೆಟ್ಟು ಹೊಸ ಶೀಟು ಹಾಕಿಸಿದ್ದ. ಅದರ ಕೆಳಗೆ ಒಂದೇ ಒಂದು ಬೈಕು ನಿಂತಿತ್ತು. ಆವತ್ತು ಸಂಜೆ ನಮ್ಮವರಿಗೆ ಎಲ್ಲ ಹೇಳಿಬಿಟ್ಟೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನಿಗೆ ಫೋನ್ ಮಾಡಿ ಹೇಳಿದರು, ಅವರೂ ನಕ್ಕರು. ಫ್ಯಾಮಿಲಿ ಗ್ರೂಪಿನಲ್ಲಿ ಎರಡು ದಿನ ಮುದ್ದೆಯ ಫೋಟೋಗಳು ಬಂದವು. ವ್ಯಾನಿನ ವಿಷಯ ಏನಾಯಿತು ಅಂತ ನಾನೇ ಭಾವನನ್ನು ಕೇಳಿದೆ. ಅಲ್ಲೇ ಚನ್ನರಾಯಪಟ್ಟಣದಲ್ಲಿ ಬೇರೆಯವರಿಗೆ ಒಪ್ಪಿಸಿ ಆಗಿದೆ, ಈಗ ಬಿಡಿಸಿದರೆ ಚೆನ್ನಾಗಿರುವುದಿಲ್ಲ ಅಂದರು. ಅವರದೂ ತಪ್ಪಲ್ಲ. ಇಷ್ಟು ಜನ ನಕ್ಕರಲ್ಲ, ಒಬ್ಬರೂ ಸ್ವಾಮಣ್ಣನಿಗೆ ಫೋನ್ ಮಾಡಲಿಲ್ಲ.

ಭಾವ ಹಾಗಂದ ಮಾರನೇ ದಿನ ಕಾಲೇಜು ಮುಗಿಸಿ ಶೆಡ್ಡಿಗೆ ಹೋದೆ. ಸ್ವಾಮಣ್ಣ ಒಬ್ಬನೇ ಇದ್ದ. ಸ್ಟೂಲು ಒರೆಸಿ ಕೂರಲು ಕೊಟ್ಟ. ನಾನು ನಿಂತೇ ಹೇಳಿದೆ, ತಪ್ಪಾಯಿತು ಅಂತ. ಇಳಿಜಾರಿನಲ್ಲಿ ಕಾರು ನಿಲ್ಲಿಸಿ ನೋಡಿದರೆ ಆಯಿಲ್ ಮಟ್ಟ ಸರಿಯಾಗಿ ಗೊತ್ತಾಗುವುದಿಲ್ಲ, ನಿಮ್ಮ ಮನೆ ಮುಂದಿನ ರ‍್ಯಾಂಪ್ ಮೇಲೆ ನೋಡಿರುತ್ತೀರಿ ಅಂತ ಅವನೇ ನನ್ನ ಪರ ವಾದಿಸಿದ. ಕೋಪವೇ ಇರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಹಿಟ್ಟು ನೋಡಿದಾಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

ಅವನು ಸ್ಪ್ಯಾನರ್ ಒರೆಸುತ್ತ, "ಏಳ್ಬೋದಿತ್ತು ಅಕ್ಕ. ನೀವೇ ಏಳ್ತೀರ ಅಂತ ಕಾದೆ" ಅಂದ.

ಎಷ್ಟು ಹೊತ್ತು ಕಾದ? ಒರೆಸಿದ ಒಂದು ಗಂಟೆಯೂ ಕಾದಿದ್ದ. ಬೈಕ್ ಹತ್ತುವ ಮುಂಚೆ ಬ್ಯಾಗಿನ ಜಿಪ್ ಹಾಕುತ್ತ ತಡಮಾಡಿದ್ದನಲ್ಲ, ಆಗಲೂ ಕಾದಿದ್ದ. ಆಗ ನಾನು ಸೀರೆಗೆ ಎಣ್ಣೆ ತಾಗಿದೆಯಾ ಅಂತ ನೆರಿಗೆ ನೋಡಿಕೊಳ್ಳುತ್ತಿದ್ದೆ.

ಅವನ ಹೆಸರು ಕೆಟ್ಟಿದ್ದು ತುಂಬಿದ ಪಂಕ್ತಿಯಲ್ಲಿ. ನಾನು ತಪ್ಪೊಪ್ಪಿಕೊಂಡಿದ್ದು ಯಾರೂ ಇಲ್ಲದ ಶೆಡ್ಡಿನಲ್ಲಿ. ಇದನ್ನು ಕ್ಷಮೆ ಕೇಳಿದ್ದು ಅಂತ ಕರೆಯಬಹುದಾ, ನೀವೇ ಹೇಳಿ?