ಆಂಟಿಯ ಮೂರು ಗಂಟೆ

ಪೊವಾಯಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಥಿಯೋಪಿಯಾದ ಆಂಟಿ ಒಂದು ಭಾನುವಾರ ಮೂರು ಗಂಟೆಗೆ ಕಾಫಿಗೆ ಕರೆದಿದ್ದರು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೋದೆ.

"ಬೆಳಿಗ್ಗೆಯಿಂದ ಕಾಯ್ತಿದೀನಿ," ಎಂದು ಸಿಡುಕಿದರು. ಅವರ ದೇಶದಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಗಿನ ಒಂಬತ್ತು ಅವರಿಗೆ ಮೂರು. ಗೋಡೆಯ ಗಡಿಯಾರವೂ ಹಾಗೆಯೇ ಓಡುತ್ತಿತ್ತು.

"ಇಲ್ಲಿದ್ದಾಗ ಇಲ್ಲಿಯ ಟೈಮೇ ಇಟ್ಕೋಬಹುದಲ್ಲ ಆಂಟಿ," ಎಂದೆ.

ಅವರು ಕಾಫಿ ಬೀಜ ಹುರಿಯುತ್ತಲೇ ಹೇಳಿದರು: "ಆಫ್ರಿಕಾನೆಲ್ಲ ಹಂಚ್ಕೊಂಡ ಬಿಳಿಯರಿಗೇ ನಾವು ಬಗ್ಗಲಿಲ್ಲ. ಗಡಿಯಾರಕ್ಕೆ ಬಗ್ತೀವಾ?" ಯಾವ ಮಾತು ತೆಗೆದರೂ ಅವರು ಬಂದು ನಿಲ್ಲುತ್ತಿದ್ದುದು ಅಲ್ಲಿಗೇ: ನಾವು ಬಗ್ಗಲಿಲ್ಲ.

ಮೊದಲ ಕಪ್ ಮುಗಿಸಿ, ನನ್ನ ವಾಚಿನಲ್ಲಿ ನಾಲ್ಕಾಯಿತೆಂದು ಎದ್ದೆ. ಮೂರು ಸುತ್ತು ಕುಡಿಯದೆ ಏಳುವುದು ಅವರಲ್ಲಿ ಅವಮಾನ.

ಆಂಟಿ ಗಡಿಯಾರದ ಕಡೆ ಬೆರಳು ಮಾಡಿದರು.

"ಕೂತ್ಕೋ. ಈ ಮನೆಯಲ್ಲಿ ಈಗಿನ್ನೂ ಹತ್ತು ಗಂಟೆ."